ವಾರಕ್ಕೆ ಎರಡೇ ಗಂಟೆ ಬಿಡುವಿದ್ದರೆ ನಗರದ ಕೆಲಸಗಳಲ್ಲಿ ತೊಡಗಿಕೊಳ್ಳುವುದು ಹೇಗೆ?

ನಗರಕ್ಕೆ ಬಂದು ಒಂದು ವರ್ಷ, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ, ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಬಿಡುವು, ಪಕ್ಷ ರಾಜಕೀಯ ಬೇಡವೇ ಬೇಡ, ಆದರೂ ಏನಾದರೂ ಮಾಡಬೇಕು ಅನ್ನಿಸುತ್ತಿದೆ. ಇಷ್ಟು ಹೇಳಿಕೊಂಡು ಕೊನೆಗೆ "ಇದರಿಂದೆಲ್ಲ ನಿಜವಾಗಿಯೂ ಏನಾದರೂ ಬದಲಾಗುತ್ತದಾ?" ಅಂತ ಕೇಳಿದ್ದೀರಿ. ಆ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನನ್ನ ಅನುಭವದಲ್ಲಿ ಬದಲಾಗಿದ್ದು ಹತ್ತು ಸೆಕೆಂಡು. ಲೆಕ್ಕಕ್ಕೆ ಸರಿಯಾಗಿ ಹತ್ತು.

ನಮ್ಮ ಬಡಾವಣೆಯ ಗ್ರಂಥಾಲಯದ ಎದುರು ರಸ್ತೆ ದಾಟಲು ಒಂದು ಸಿಗ್ನಲ್ ಇದೆ. ಅದರ ಹಸಿರು ದೀಪ 15 ಸೆಕೆಂಡು ಉರಿಯುತ್ತಿತ್ತು. ವಯಸ್ಸಾದವರು ನಡುರಸ್ತೆ ಮುಟ್ಟಿ ಇನ್ನೆರಡು ಹೆಜ್ಜೆ ಇಡುವಷ್ಟರಲ್ಲಿ ಕೆಂಪು ಬಿದ್ದು, ವಾಹನಗಳು ಹಾರ್ನ್ ಹೊಡೆಯಲು ಶುರು. ನೋಡಿ ನೋಡಿ ರೋಸಿಹೋಗಿ ಒಂದು ಸಾರ್ವಜನಿಕ ಅಹವಾಲು ಸಭೆಗೆ ಹೋದೆ. ಕೊಟ್ಟ ಮೂರು ನಿಮಿಷದಲ್ಲಿ ಆವೇಶದಿಂದ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಮೂರು ವಾರದ ನಂತರ ಸಭೆಯ ನಡಾವಳಿ ಹೊರಬಂದಾಗ ನನ್ನ ಭಾಷಣಕ್ಕೆ ಸಿಕ್ಕಿದ್ದು ಒಂದು ಸಾಲು: "ಒಬ್ಬ ನಾಗರಿಕರು ಸಂಚಾರದ ಕುರಿತು ಅಭಿಪ್ರಾಯ ವ್ಯಕ್ತಪಡಿಸಿದರು."

ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದ ನಿವೃತ್ತ ಹೆಂಗಸೊಬ್ಬರು ಇದ್ದರು. ಮುಂದಿನ ಸಲ ಸಿಕ್ಕಾಗ "ನೀನು ಬೈದೆ, ಸರಿ. ಆದರೆ ಏನು ಬೇಕು ಅಂತ ಕೇಳಲೇ ಇಲ್ಲವಲ್ಲ" ಅಂದರು. ಅವರ ಮಾತಿನಂತೆ ಮೂರು ದಿನ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಆ ಸಿಗ್ನಲ್ ಹತ್ತಿರ ನೋಟ್‌ಬುಕ್ ಹಿಡಿದು ನಿಂತೆವು. ರಸ್ತೆಯ ಅಗಲ 18 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆಯುವವರನ್ನು ಲೆಕ್ಕಕ್ಕೆ ಹಿಡಿದರೆ ಸರಿಯಾಗಿ 15 ಸೆಕೆಂಡು ಬರುತ್ತದೆ, ಅಂದರೆ ಯಾರೋ ಕಾಗದದ ಮೇಲೆ ಲೆಕ್ಕ ಹಾಕಿಯೇ ಇಟ್ಟಿದ್ದರು. ಆದರೆ ಕೋಲೂರಿಕೊಂಡು ದಾಟಿದವರಿಗೆ ನಮ್ಮ ಗಡಿಯಾರದಲ್ಲಿ 22, 24 ಸೆಕೆಂಡು ಬೇಕಾಯಿತು. ಇದಿಷ್ಟನ್ನು ಒಂದೇ ಪುಟದಲ್ಲಿ ಬರೆದು, ಕೊನೆಗೆ ಒಂದೇ ಬೇಡಿಕೆ ಇಟ್ಟೆವು: 15 ಅನ್ನು 25 ಮಾಡಿ. ಐದು ತಿಂಗಳು ಹಿಡಿಯಿತು. ನಡುವೆ ಕಡತ ಒಂದು ಸಲ ಕಳೆದೂ ಹೋಗಿತ್ತು, ಆ ಪುರಾಣ ಬೇಡ. ಒಂದು ದಿನ ಗ್ರಂಥಾಲಯಕ್ಕೆ ಹೋಗುವಾಗ ದೀಪ ಯಾಕೋ ಆರುತ್ತಲೇ ಇಲ್ಲವಲ್ಲ ಅನ್ನಿಸಿ ಎಣಿಸಿದೆ. ಇಪ್ಪತ್ತೈದು.

ಹಾಗಾಗಿ "ಎಲ್ಲಿ ಶುರು ಮಾಡಲಿ" ಅಂದರೆ ನಾನು ಹೇಳುವುದು ಇಷ್ಟು: ನೀವು ದಿನಾ ಓಡಾಡುವ ದಾರಿಯಲ್ಲಿ ನಿಮ್ಮನ್ನು ಕಾಡುವ ಒಂದು ವಿಷಯ, ಒಂದೇ ಒಂದು, ಹಿಡಿದುಕೊಳ್ಳಿ. ಊರ ಉಸಾಬರಿಯನ್ನೆಲ್ಲ ತಲೆಗೆ ಕಟ್ಟಿಕೊಂಡವರು ಆರೇ ತಿಂಗಳಿಗೆ ಸುಸ್ತಾಗಿ ಮನೆ ಸೇರಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಅವಕಾಶಗಳ ವಿಚಾರ. ಎಲ್ಲ ಸಭೆಯೂ ಒಂದೇ ಅಲ್ಲ. ಶೆರ್ರಿ ಅರ್ನ್‌ಸ್ಟೈನ್ ಅನ್ನುವ ಅಮೆರಿಕದ ಚಿಂತಕಿ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಗೆ ಹೋಲಿಸಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರಿಗೆ ಸಮಾಧಾನ ಹೇಳಿ ಕಳಿಸುತ್ತಾರೆ, ನಡುವಿನವುಗಳಲ್ಲಿ ಅಭಿಪ್ರಾಯ ಕೇಳುತ್ತಾರೆ, ಮೇಲಿನವುಗಳಲ್ಲಿ ಮಾತ್ರ ನಿರ್ಧಾರ ಜನರ ಕೈಗೆ ಬರುತ್ತದೆ. ಒಂದು ಸಭೆ ಕಣ್ಣೊರೆಸುವುದಕ್ಕೆ ಕರೆದದ್ದೋ ಅಲ್ಲವೋ ತಿಳಿಯಲು ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ: "ಇವತ್ತು ನಾವು ಹೇಳಿದ್ದರಿಂದ ಈ ಕರಡಿನಲ್ಲಿ ಯಾವ ಭಾಗ ಬದಲಾಗಲು ಸಾಧ್ಯ?" ಉತ್ತರ ತಡವರಿಸಿದರೆ ಯೋಜನೆ ಆಗಲೇ ಮುಗಿದಿದೆ ಅಂತ ಅರ್ಥ.

ಬಜೆಟ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹಣ ಹಂಚಿಕೆಯಾದ ಮೇಲೆ ಹೋಗಿ ಪಾರ್ಕಿಗೆ ಬೆಂಚು ಕೇಳಿದರೆ ಬಸ್ಸು ಹೋದಮೇಲೆ ಕೈ ಅಡ್ಡ ಹಿಡಿದ ಹಾಗೆ. ನಿಮ್ಮ ನಗರದಲ್ಲಿ ಕರಡು ಬಜೆಟ್ ಯಾವ ತಿಂಗಳಲ್ಲಿ ತಯಾರಾಗುತ್ತದೆ ಅನ್ನುವುದನ್ನು ಮೊದಲು ವಿಚಾರಿಸಿ, ಅದಕ್ಕೆ ಮೂರು ನಾಲ್ಕು ತಿಂಗಳು ಮೊದಲೇ ಹೋಗಿ. ಜನರೇ ನೇರವಾಗಿ ಕಾಮಗಾರಿ ಆರಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅದೃಷ್ಟ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಲ್ಲಿ ಶುರುವಾದ ಈ ಸಹಭಾಗಿ ಬಜೆಟ್ ಆಮೇಲೆ ನೂರಾರು ನಗರಗಳಿಗೆ ಹಬ್ಬಿತು. ನ್ಯೂಯಾರ್ಕ್ 2011ರಲ್ಲಿ ತನ್ನ ಕೆಲವು ಕ್ಷೇತ್ರಗಳಲ್ಲಿ ಇದನ್ನು ಶುರು ಮಾಡಿತು. ಅಲ್ಲಿ ಈಗ 11 ವರ್ಷದ ಮಕ್ಕಳೂ ಇದರಲ್ಲಿ ಮತ ಹಾಕಬಹುದು. ಮಕ್ಕಳಿಗೆ ಮತ ಕೊಟ್ಟರೆ ಆಟದ ಮೈದಾನವನ್ನೇ ಕೇಳುತ್ತಾರೆ ಅಂತ ಕೆಲವರ ತಕರಾರು. ಕೇಳಲಿ ಬಿಡಿ, ಮೈದಾನ ಬೇಕಾಗಿರುವುದೇ ಅವರಿಗೆ.

ಚೀಟಿ ಎತ್ತಿ ಸಾಮಾನ್ಯ ಜನರನ್ನು ಆರಿಸುವ ನಾಗರಿಕ ಸಭೆಗಳೂ ಇವೆ. ಐರ್ಲೆಂಡಿನಲ್ಲಿ 2016ರಲ್ಲಿ ಹೀಗೆ 99 ಮಂದಿಯನ್ನು ಕೂರಿಸಿ ಗರ್ಭಪಾತದಂಥ ಸೂಕ್ಷ್ಮ ವಿಷಯವನ್ನೇ ಚರ್ಚೆಗೆ ಕೊಟ್ಟರು. ಅವರ ಶಿಫಾರಸಿನ ನಂತರ 2018ರಲ್ಲಿ ಜನಮತಗಣನೆಯೂ ಆಯಿತು. ಇಂಥ ಸಭೆಗೆ ಆಹ್ವಾನ ಪತ್ರ ಬಂದರೆ ಜಾಹೀರಾತು ಅಂತ ಬಿಸಾಡಬೇಡಿ.

ಮೊಬೈಲಿನಲ್ಲಿ ದೂರು ದಾಖಲಿಸುವುದೂ ಕೆಲಸಕ್ಕೆ ಬರುತ್ತದೆ, ಗುಂಡಿ, ಕೆಟ್ಟ ಬೀದಿದೀಪ, ತೆರೆದ ಚರಂಡಿ ಇಂಥವಕ್ಕೆ. ಕಂಬದ ನಂಬರು, ಫೋಟೊ, ತಾರೀಕು ಹಾಕಿ. ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. "ಪರಿಹರಿಸಲಾಗಿದೆ" ಅಂತ ಸಂದೇಶ ಬಂದ ದಿನ ಸ್ಥಳಕ್ಕೆ ಹೋಗಿ ನೋಡಿ.

ಅಧಿಕಾರಿಗಳ ಸಹವಾಸವೇ ಬೇಡ ಅನ್ನಿಸಿದರೆ ಇನ್ನೊಂದು ದಾರಿಯಿದೆ, ಮತ್ತು ನಿಮ್ಮಂತೆ ಯಾರ ಪರಿಚಯವೂ ಇಲ್ಲದವರಿಗೆ ಅದೇ ಸುಲಭ ಅಂತ ನನ್ನ ಅಂದಾಜು. ಕೆಟ್ಟ ಸಾಮಾನು ತಂದರೆ ಸ್ವಯಂಸೇವಕರು ಜೊತೆಗೆ ಕೂತು ರಿಪೇರಿ ಮಾಡಿಕೊಡುವ "ರಿಪೇರಿ ಕೆಫೆ" 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ನಡೆಯುತ್ತಿದೆ. ನಾನು ಅಂಥ ಒಂದು ಕೂಟಕ್ಕೆ ಕೆಟ್ಟ ಟೇಬಲ್ ಫ್ಯಾನ್ ಹಿಡಿದು ಹೋಗಿದ್ದೆ. ಫ್ಯಾನ್ ಸರಿಹೋಗಲಿಲ್ಲ. ಆದರೆ ಅದನ್ನು ಬಿಚ್ಚಿ, ಧೂಳು ಊದಿ, ತಂತಿಯ ಬೆಸುಗೆ ಹುಡುಕಿದ ನಲವತ್ತು ನಿಮಿಷದಲ್ಲಿ ಎದುರಿಗೆ ಕೂತಿದ್ದ ಹುಡುಗ ನಮ್ಮದೇ ಬೀದಿಯವನು ಅಂತ ಗೊತ್ತಾಯಿತು. ಸಿಗ್ನಲ್ ಹತ್ತಿರ ಮೂರನೇ ದಿನ ನಮ್ಮ ಜೊತೆ ಎಣಿಸಲು ಬಂದವನು ಅವನೇ. ಗ್ರಂಥಾಲಯದ ಓದಿನ ಗುಂಪು, ಸಮುದಾಯ ತೋಟ, ಮಕ್ಕಳಿಗೆ ಸಂಜೆ ಪಾಠ ಇವೂ ಹೀಗೆಯೇ. ಒಂದೇ ಷರತ್ತು, ಅದು ಪ್ರತಿ ವಾರವೋ ಪ್ರತಿ ತಿಂಗಳೋ ನಡೆಯುವಂಥದ್ದಾಗಿರಲಿ. ಟೀ ಶರ್ಟು ಹಂಚಿ, ಫೋಟೊ ತೆಗೆಸಿ ಮುಗಿಸುವ ಒಂದು ದಿನದ ಸ್ವಚ್ಛತಾ ಅಭಿಯಾನಗಳ ಬಗ್ಗೆ ನನಗೆ ಹೆಚ್ಚು ನಂಬಿಕೆ ಇಲ್ಲ. ಅಲ್ಲಿ ಕಸ ಎತ್ತಿದ ಜಾಗದಲ್ಲಿ ಮತ್ತೆ ಕಸ ಯಾಕೆ ಬೀಳುತ್ತದೆ ಅಂತ ಯಾರೂ ಕೇಳುವುದಿಲ್ಲ.

ನಿಮ್ಮ ಎರಡು ಗಂಟೆಯನ್ನು ನಾನಾಗಿದ್ದರೆ ಹೀಗೆ ಕಳೆಯುತ್ತಿದ್ದೆ. ಮೊದಲ ತಿಂಗಳು ಇಂಥ ಯಾವುದಾದರೂ ಕೂಟಕ್ಕೆ ಹೋಗಿ ಬರುವುದು, ಸುಮ್ಮನೆ. ಎರಡನೇ ತಿಂಗಳು ನಿಮ್ಮ ವಾರ್ಡಿನ ಹಿಂದಿನ ಮೂರು ಸಭೆಗಳ ನಡಾವಳಿ ಕೇಳಿ ಪಡೆದು ಓದುವುದು. ಒಣಕಲು ಓದು ಅದು, ನಿದ್ದೆ ಬರುತ್ತದೆ. ಆದರೆ ಮೂರರಲ್ಲೂ "ಮುಂದಿನ ಸಭೆಗೆ ಮುಂದೂಡಲಾಗಿದೆ" ಅಂತ ಬಂದಿರುವ ವಿಷಯ ಒಂದಾದರೂ ಇದ್ದೇ ಇರುತ್ತದೆ. ಅದು ನಿಮ್ಮ ಮನೆಯಿಂದ ನಡೆದು ಹೋಗುವ ದೂರದಲ್ಲಿದ್ದರೆ ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಹೋಗಿ ನೋಡಿ ಬನ್ನಿ. ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ಒಂದು ಪುಟದ ಅರ್ಜಿಯ ಒಕ್ಕಣೆ ಹೇಗಿರಬೇಕು ಅಂತ ಆಗ ಹೇಳುತ್ತೇನೆ.