ನಾಟಕ ಬರ್ಕೊಂಡು, ಊರಲ್ಲೇ ಮಕ್ಕಳಿಗೆ ಕಲಿಸ್ಕೊಂಡು ಜೀವನ ಮಾಡೋಕಾಗುತ್ತಾ?

ಬರೀ ಬರೆಯೋದ್ರಿಂದ ಆಗಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಹದಿನಾಲ್ಕು ವರ್ಷದಲ್ಲಿ ನನಗೆ ಬಂದಿರೋ ರಾಯಲ್ಟಿ ಎಲ್ಲಾ ಕೂಡಿಸಿದ್ರೂ ಒಂದು ಹಳೇ ಸ್ಕೂಟರ್ ಬರಲ್ಲ. ಹೊಟ್ಟೆ ತುಂಬ್ಸೋದು ಕಲಿಸೋ ಕೆಲ್ಸ: ಏಪ್ರಿಲ್ ಮೇನಲ್ಲಿ ಬೇಸಿಗೆ ಶಿಬಿರ, ಡಿಸೆಂಬರ್ ಜನವರಿ ಸ್ಕೂಲ್ ಡೇ, ಮಧ್ಯದಲ್ಲಿ ಯಾವ್ದಾದ್ರೂ ಮಹಿಳಾ ಸಂಘದವ್ರ ಬೀದಿನಾಟಕ. ಮಳೆಗಾಲ ಪೂರ್ತಿ ಖಾಲಿ, ಆವಾಗ್ಲೇ ಬರೆಯೋದು.

ಆದ್ರೆ ಕಲಿಸೋಕೆ ಹೋಗಿ ನನ್ ಬರವಣಿಗೆನೇ ಬದಲಾಯ್ತು. ಮೊದಲ್ನೇ ಶಿಬಿರಕ್ಕೆ ಐದು ಪಾತ್ರದ ನಾಟಕ ಹಿಡ್ಕೊಂಡು ಹೋಗಿದ್ದೆ, ಅಲ್ಲಿ ಮಕ್ಕಳು 34, ಪ್ರತಿಯೊಬ್ರ ಅಮ್ಮಂಗೂ ತನ್ ಮಗೂಗೆ ಡೈಲಾಗ್ ಬೇಕು. ಕುವೆಂಪು ಅವ್ರ ಕಿಂದರಿಜೋಗಿನ ಎಲ್ಲಾ ಶಿಬಿರದಲ್ಲೂ ಯಾಕ್ ಆಡಿಸ್ತಾರೆ ಅಂತ ಅವತ್ತು ಗೊತ್ತಾಯ್ತು, ಎಷ್ಟ್ ಮಕ್ಕಳು ಬಂದ್ರೂ ಇಲಿ ಮಾಡ್ಬೋದಲ್ಲ! ಈಗ ಸ್ಕ್ರಿಪ್ಟ್ ಒಯ್ಯಲ್ಲ, ಒಂದು ಕಥೆ ಹೇಳಿ ಆಡ್ರಪ್ಪಾ ಅಂತೀನಿ, ಅವ್ರ ಬಾಯಿಗೆ ಬಂದಿದ್ದನ್ನ ಬರ್ಕೋತೀನಿ. ಸಾಹುಕಾರನ ಸೀನಲ್ಲಿ ಆರನೇ ಕ್ಲಾಸ್ ಹುಡುಗಿ ಒಬ್ಳು "ಸಾಲ ತೀರೈತೆ ಸಾಮಿ, ಬಡ್ಡಿ ಮಾತ್ರ ಇನ್ನೂ ನಮ್ ಮನೇಲೇ ಉಂಡು ಮಲಗ್ತೈತೆ" ಅಂದ್ಲು. ನಾನ್ ಎಷ್ಟ್ ಕೂತು ಯೋಚಿಸಿದ್ರೂ ಆ ಮಾತು ಬರ್ತಿರ್ಲಿಲ್ಲ.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ನೋಡಿ ಸ್ಫೂರ್ತಿ ಬಂತು ಅಂತ ಬರ್ದಿದ್ದೀರಲ್ಲ, ಬರ್ಲಿ, ಆದ್ರೆ ಅದು ಬೆಳೆದಿದ್ದು ಎಷ್ಟ್ ನಿಧಾನಕ್ಕೆ ನೋಡಿ: ಸಂಘ ಶುರುವಾಗಿದ್ದು 1949ರಲ್ಲಿ, ರಂಗಶಿಕ್ಷಣ ಕೇಂದ್ರ ಬಂದಿದ್ದು 1980ಕ್ಕೆ, ಊರೂರು ಸುತ್ತಿ ನಾಟಕ ಆಡೋ ತಿರುಗಾಟ ತಂಡ 1985ಕ್ಕೆ. ಅದನ್ನ ಕಟ್ಟಿದ ಕೆ.ವಿ. ಸುಬ್ಬಣ್ಣ ಅವ್ರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು 1991ರಲ್ಲಿ. ಅಷ್ಟೊತ್ತಿಗೆ ಅಲ್ಲಿ ನಾಟಕ ನೋಡೋ ಊರೇ ತಯಾರಾಗಿತ್ತು. ಇನ್ನೊಂದು ವಿಷ್ಯ, ಅವ್ರಿಗೆ ಅಡಿಕೆ ತೋಟ ಇತ್ತು. ನಿಮಗೂ ಇದ್ರೆ ಈ ಪ್ರಶ್ನೆ ಕೇಳ್ತಿರ್ಲಿಲ್ಲ ಬಿಡಿ, ತಮಾಷೆಗಂದೆ.

ಟೈಮ್ ಇದ್ರೆ ಅಲ್ಲಿಯ ಒಂದು ವರ್ಷದ ಡಿಪ್ಲೊಮಾ ಮಾಡಿ, ಬರೆಯೋನಿಗೂ ಲೈಟು, ಮೇಕಪ್ಪು, ಸೆಟ್ಟು ಗೊತ್ತಿರ್ಬೇಕು, ಹಳ್ಳೀಲಿ ಎಲ್ಲಾ ನೀವೇ ಮಾಡ್ಬೇಕಾಗುತ್ತೆ. ಮತ್ತೆ ಸ್ಕೂಲ್‌ನವ್ರ ಹತ್ರ ಅರ್ಧ ದುಡ್ಡು ಮುಂಚೇನೇ ಇಸ್ಕೊಳಿ. ಒಂದ್ ಕಡೆ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳ್ಸಿದ್ರು, ಚೆಕ್ ಇನ್ನೂ ಬಂದಿಲ್ಲ.