ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳ ಇಂಗ್ಲಿಷ್ ಕಲಿಕೆಯನ್ನು ಅಳೆಯುವುದು ಹೇಗೆ?

ಜಗಳೂರು ಕಡೆಯ ಸರ್ಕಾರಿ ಶಾಲೆಗೆ ಹೊಸದಾಗಿ ಬಂದಿದ್ದೀರಿ. ನಾಲ್ಕನೇ ತರಗತಿಯಲ್ಲಿ ಕನ್ನಡದ ಜೊತೆಗೆ ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳಿದ್ದಾರೆ, ಒಂದೇ ಪ್ರಶ್ನೆಪತ್ರಿಕೆಯಿಂದ ಎಲ್ಲರ ಇಂಗ್ಲಿಷನ್ನು ಅಳೆಯಬಹುದೇ ಎಂದು ಕೇಳಿದ್ದೀರಿ. ಬರಿಯ ಪತ್ರಿಕೆಯಿಂದ ಆಗುವುದಿಲ್ಲ. ನಾನು ಚಳ್ಳಕೆರೆ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಶಿಕ್ಷಕಿ, ನನ್ನ ತರಗತಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ.

ಕೇಳಿದ್ದು ಅರ್ಥವಾಗುತ್ತದೆಯೇ ಎಂಬುದನ್ನು ಮೊದಲು ನೋಡಿ. ಹೇಳಲು, ಬರೆಯಲು ಬರುತ್ತದೆಯೇ ಎಂಬುದು ಆಮೇಲಿನ ಮಾತು. ಸೀಮೆಸುಣ್ಣ, ಪುಸ್ತಕ, ಚೀಲ ಮುಂದಿಟ್ಟು ‘ಪುಟ್ ದ ಚಾಕ್ ಅಂಡರ್ ದ ಬುಕ್’ ಎನ್ನಿ. ಕೈಸನ್ನೆ ಮಾಡಬೇಡಿ, ಪುಸ್ತಕದ ಕಡೆ ಕಣ್ಣನ್ನೂ ಹೊರಳಿಸಬೇಡಿ, ಮಕ್ಕಳು ನಮ್ಮ ಮುಖ ನೋಡಿಯೇ ಉತ್ತರ ಹುಡುಕುತ್ತಾರೆ. ಬಾಯಿ ಬಿಡದ ಎಷ್ಟೋ ಮಕ್ಕಳು ಇಲ್ಲಿ ಥಟ್ಟನೆ ಸರಿಯಾಗಿ ಮಾಡಿ ತೋರಿಸುತ್ತಾರೆ. ಪದ್ಯವನ್ನು ಗಟ್ಟಿಯಾಗಿ ಒಪ್ಪಿಸುವ ಕೆಲವರು ಇಲ್ಲಿ ತಡವರಿಸುತ್ತಾರೆ. ‘ವಾಟ್ ಈಸ್ ಯುವರ್ ನೇಮ್’ ಎಂಬಂಥ ಕಂಠಪಾಠದ ಪ್ರಶ್ನೆಯನ್ನಂತೂ ಬಿಟ್ಟುಬಿಡಿ, ಅದಕ್ಕೆ ಸಿಗುವ ಉತ್ತರದಿಂದ ಏನೂ ತಿಳಿಯುವುದಿಲ್ಲ.

ಎರಡನೆಯದಾಗಿ, ಓದಿದ್ದರ ಅರ್ಥವನ್ನು ಮಗು ತನ್ನ ಮನೆಮಾತಿನಲ್ಲಿ ಹೇಳಲಿ. ಇದು ನಿಯಮ ಸಡಿಲಿಸಿದಂತಲ್ಲ. ಪ್ರಥಮ್ ಸಂಸ್ಥೆಯ ನೆರವಿನಿಂದ 2005ರಲ್ಲಿ ಆರಂಭವಾದ, ಹಳ್ಳಿ ಮಕ್ಕಳ ಓದು, ಲೆಕ್ಕದ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲೂ ಇಂಗ್ಲಿಷ್ ಪದ, ವಾಕ್ಯಗಳನ್ನು ಓದಿದ ಮಗುವಿನಿಂದ ಅರ್ಥವನ್ನು ಅದರ ಭಾಷೆಯಲ್ಲೇ ಕೇಳುತ್ತಾರೆ. ನನಗೆ ಲಂಬಾಣಿ ಬರುವುದಿಲ್ಲ, ಅದೇ ತಾಂಡಾದ ಆರನೇ ತರಗತಿಯ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಉತ್ತರ ಹೇಳಿಕೊಡಬಾರದು, ಮಗು ಹೇಳಿದ್ದನ್ನಷ್ಟೇ ತಿಳಿಸಬೇಕು ಎಂದು ಮೊದಲೇ ಒಪ್ಪಿಸಿರುತ್ತೇನೆ.

ತಪ್ಪುಗಳನ್ನು ಎಣಿಸುವಾಗ ಅವು ಎಲ್ಲಿಂದ ಬಂದವು ಎಂದು ನೋಡಿ. ಉರ್ದುವಿನಲ್ಲಿ ಅವನಿಗೂ ಅವಳಿಗೂ ‘ವೊ’ ಎಂಬ ಒಂದೇ ಪದ. ಹಾಗಾಗಿ ಆ ಮಗು ಅಕ್ಕನನ್ನು ‘ಹಿ’ ಎಂದರೆ ಆಶ್ಚರ್ಯಪಡಬೇಕಾಗಿಲ್ಲ. ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕರಲ್ಲೂ ಕ್ರಿಯಾಪದ ಕೊನೆಗೆ ಬರುವುದರಿಂದ ‘ಐ ಮ್ಯಾಂಗೋ ಈಟ್’ ಎನ್ನುವವರು ಎಲ್ಲ ಗುಂಪಿನಲ್ಲೂ ಸಿಗುತ್ತಾರೆ. ಇವು ನೀವು ಮುಂದೆ ಕಲಿಸಬೇಕಾದವು, ಮಗುವಿನ ಬುದ್ಧಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಇಸ್ಕೂಲ್’, ‘ಬುಕ್ಕು’ ಎಂದಿದ್ದಕ್ಕೆ ಅಂಕ ಕಳೆಯುವುದು ಅನ್ಯಾಯ ಎಂದೇ ನನ್ನ ದೃಢ ಅಭಿಪ್ರಾಯ.

ಚಿತ್ರಗಳ ಬಗ್ಗೆಯೂ ಎಚ್ಚರ ಬೇಕು. ಹಿಮದ ಮನೆಯ ಚಿತ್ರಕ್ಕೆ ಮಗು ಸುಮ್ಮನಿದ್ದರೆ ಅದಕ್ಕೆ ಗೊತ್ತಿಲ್ಲದ್ದು ಇಂಗ್ಲಿಷೋ, ಆ ವಸ್ತುವೋ ಹೇಳಲಾಗದು. ಶೇಂಗಾ ಹೊಲ, ಮೆಕ್ಕೆಜೋಳದ ರಾಶಿ, ಸಂತೆಯ ಮಂಡಕ್ಕಿ ಅಂಗಡಿ ಸಾಕು.

ನಿಜವಾಗಿ ಚಿಂತಿಸಬೇಕಾದದ್ದು ಬೇರೆಯೇ ಇದೆ. ಒಂದು ಮಗು ಮನೆಮಾತಿನಲ್ಲಿ ಕಥೆಯನ್ನು ಚೆನ್ನಾಗಿ ಹೇಳಿ ಇಂಗ್ಲಿಷಿನಲ್ಲಿ ಮಾತ್ರ ಹಿಂದಿದ್ದರೆ, ಅದಕ್ಕೆ ಇಂಗ್ಲಿಷ್ ಕಿವಿಗೆ ಬಿದ್ದದ್ದು ಕಡಿಮೆ ಅಷ್ಟೇ. ಅಪ್ಪ ಅಮ್ಮನ ಜೊತೆ ಕಾಫಿ ತೋಟದ ಕೆಲಸಕ್ಕೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಕ್ಕಳ ಕಥೆಯೂ ಬಹುಪಾಲು ಇದೇ. ಆದರೆ ಮನೆಮಾತಿನಲ್ಲೂ ಎರಡು ವಾಕ್ಯ ಕೂಡಿಸಲು ಕಷ್ಟಪಡುವ ಮಗುವನ್ನು ‘ಇಂಗ್ಲಿಷ್ ಬಾರದು’ ಎಂದು ಬರೆದು ಮುಂದಕ್ಕೆ ಕಳುಹಿಸಬೇಡಿ. ಪೋಷಕರೊಡನೆ ಮಾತನಾಡಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಆ ಮಗುವಿನ ಕಿವಿ, ಕಣ್ಣುಗಳನ್ನು ತಪ್ಪದೆ ಪರೀಕ್ಷಿಸಲು ಕೇಳಿ.

ಇಷ್ಟಕ್ಕೆಲ್ಲ ಸಮಯ ಎಲ್ಲಿ ಎನ್ನುತ್ತೀರಿ. ಉಳಿದವರು ಬರೆಯುತ್ತಿರುವಾಗ ದಿನಕ್ಕೆ ಮೂರ್ನಾಲ್ಕು ಮಕ್ಕಳನ್ನು ಕರೆದರೆ ಸಾಕು. ಕಲಿಕೆಯ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಮೌಖಿಕ ಅಂಕಗಳಿಗೆ ಇದನ್ನೇ ಆಧಾರವಾಗಿಟ್ಟುಕೊಳ್ಳಿ. ಆಲಿಸುವುದು, ಮಾತು, ಓದು, ಬರಹ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆದಿಡಿ, ಪಕ್ಕದಲ್ಲಿ ಮಗುವಿನ ಮನೆಮಾತು ಯಾವುದೆಂದೂ ನಮೂದಿಸಿ. ಮುಂದಿನ ವರ್ಷ ಐದನೇ ತರಗತಿಯ ಶಿಕ್ಷಕರಿಗೆ ಅಂಕಪಟ್ಟಿಯ ಜೊತೆ ಆ ಹಾಳೆಯನ್ನೂ ಕೊಡಿ.