ಐದು ದಿನದ ಕಿಲಿಮಂಜಾರೋ, ನಾಲ್ಕು ದಿನದ ಸಫಾರಿ: ಈ ಪ್ಯಾಕೇಜ್ ತೆಗೆದುಕೊಳ್ಳಬಹುದೇ?

ನಿಮಗೆ 46 ವರ್ಷ, ಕುದುರೆಮುಖ ಮತ್ತು ಕುಮಾರ ಪರ್ವತ ಹತ್ತಿದ ಅಭ್ಯಾಸವಿದೆ, ರಜೆ ಒಂಬತ್ತು ದಿನ ಮಾತ್ರ. ಮರಾಂಗು ಮಾರ್ಗವಾಗಿ ಐದು ದಿನದಲ್ಲಿ ಕಿಲಿಮಂಜಾರೋ ಹತ್ತಿಳಿಸಿ, ಉಳಿದ ನಾಲ್ಕು ದಿನದಲ್ಲಿ ಟಾಂಜಾನಿಯಾದ ವನ್ಯಪ್ರಾಣಿ ತಾಣಗಳಾದ ತರಂಗಿರೆ, ಗೊರೊಂಗೊರೊ, ಸೆರೆಂಗೆಟಿ ಮೂರನ್ನೂ ತೋರಿಸುವ ಪ್ಯಾಕೇಜ್ ಸಿಕ್ಕಿದೆ, ತೆಗೆದುಕೊಳ್ಳಬಹುದೇ, ಸಫಾರಿಯನ್ನೇ ಮೊದಲು ಮುಗಿಸಿದರೆ ಒಳ್ಳೆಯದೇ, ಹತ್ತಲು ಇಷ್ಟವಿಲ್ಲದ ಪತ್ನಿ ಜೊತೆಗೆ ಬರಬಹುದೇ ಎಂದು ಕೇಳಿದ್ದೀರಿ. ಪರ್ವತ ಮೊದಲು, ಸಫಾರಿ ಆಮೇಲೆ ಎಂಬ ಕ್ರಮ ಸರಿಯಾಗಿಯೇ ಇದೆ. ಆದರೆ ದಿನಗಳ ಹಂಚಿಕೆ ತಪ್ಪಾಗಿದೆ, ಆ ಒಂದು ಕಾರಣಕ್ಕೇ ಇದನ್ನು ತೆಗೆದುಕೊಳ್ಳಬೇಡಿ ಎಂದು ಹೇಳುತ್ತೇನೆ. ಹೀಗೆ ಹೇಳುವ ಧೈರ್ಯ ಬಂದದ್ದು, ಇಂಥದೇ ಪ್ಯಾಕೇಜಿಗೆ 2015ರಲ್ಲಿ ನಾನೇ ಹಣ ಕಟ್ಟಿ, ಶಿಖರ ಕಾಣದೆ ಮರಳಿದ್ದರಿಂದ.

ಮರಾಂಗು ಮಾರ್ಗದ ಐದು ದಿನದ ಲೆಕ್ಕ ಹೀಗಿರುತ್ತದೆ. ಮೊದಲ ದಿನ ಮಳೆಕಾಡಿನ ನಡುವೆ ನಡೆದು ಸುಮಾರು 2,700 ಮೀಟರ್ ಎತ್ತರದ ಮಂದಾರಾ ಗುಡಿಸಲು, ಎರಡನೆಯ ದಿನ 3,720 ಮೀಟರಿನ ಹೊರೊಂಬೊ, ಮೂರನೆಯ ದಿನ ಸುಮಾರು 4,700 ಮೀಟರಿನ ಕಿಬೊ. ಅಂದೇ ನಡುರಾತ್ರಿ ಎಬ್ಬಿಸಿ 5,895 ಮೀಟರಿನ ಉಹುರು ಶಿಖರಕ್ಕೆ ಹೊರಡಿಸುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯರು ಹೇಳುವ ಸಾಮಾನ್ಯ ಸೂತ್ರ. ಇಲ್ಲಿ ಪ್ರತಿದಿನ ಅದರ ಎರಡರಷ್ಟು ಏರುತ್ತೇವೆ. ದಾರಿ ಮಾತ್ರ ಎಷ್ಟು ಸಲೀಸಾಗಿದೆಯೆಂದರೆ ನಮ್ಮ ಕುಮಾರ ಪರ್ವತದ ಏರು ಇದಕ್ಕಿಂತ ಕಠಿಣವೆನಿಸುತ್ತದೆ, ಮತ್ತು ಮೋಸ ಹೋಗುವುದು ಅಲ್ಲಿಯೇ: ಕಾಲಿಗೆ ದಣಿವೇ ಆಗದಿರುವಾಗ ತಲೆಗೆ ಏನೋ ಆಗುತ್ತಿದೆ ಎಂಬುದನ್ನು ಮನಸ್ಸು ಒಪ್ಪುವುದಿಲ್ಲ. ನನಗೆ ಹೊರೊಂಬೊದಲ್ಲಿಯೇ ಊಟ ಸೇರಲಿಲ್ಲ, ಕಿಬೊದಲ್ಲಿ ನಿದ್ದೆ ಬರಲಿಲ್ಲ. ನಡುರಾತ್ರಿ ಹೊರಟು, 5,100 ಮೀಟರಿಗೂ ಮೇಲಿರುವ ಹಾನ್ಸ್ ಮೇಯರ್ ಗುಹೆಯ ಬಳಿ ಎರಡು ಬಾರಿ ವಾಂತಿಯಾಗಿ ಕಾಲುಗಳು ತಾಳ ತಪ್ಪಿದಾಗ ಗೈಡ್ ನನ್ನ ಅಭಿಪ್ರಾಯವನ್ನು ಕೇಳಲೂ ಇಲ್ಲ, ತೋಳು ಹಿಡಿದು ಕೆಳಕ್ಕೆ ತಿರುಗಿಸಿದ. ಆ ಕ್ಷಣ ಸಿಟ್ಟು ಬಂದಿತ್ತು. ನಡೆಯುವಾಗ ತೂರಾಡುವುದು ಮಿದುಳಿನಲ್ಲಿ ನೀರು ತುಂಬುತ್ತಿರುವುದರ ಸೂಚನೆಯಾಗಿರಬಹುದು, ಅದಕ್ಕೆ ಇಳಿಯುವುದೇ ಮೊದಲ ಔಷಧ ಎಂಬುದು ಊರಿಗೆ ಬಂದು ವೈದ್ಯರೊಡನೆ ಮಾತನಾಡಿದ ಮೇಲೆ ತಿಳಿಯಿತು.

2019ರ ಸೆಪ್ಟೆಂಬರಿನಲ್ಲಿ ಎರಡನೆಯ ಬಾರಿ ಹೋದಾಗ ಲೆಮೊಶೊ ಮಾರ್ಗದಲ್ಲಿ ಎಂಟು ದಿನ ತೆಗೆದುಕೊಂಡೆವು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಲೆಮೊಶೊದಲ್ಲಿ ಚಾರಣ ಆರಂಭವಾಗುವುದೇ ಅದಕ್ಕಿಂತ ಎತ್ತರದಲ್ಲಿ. ಆದ್ದರಿಂದ ನಮ್ಮ ಬೆಟ್ಟಗಳಲ್ಲಿ ಎಷ್ಟೇ ಅಭ್ಯಾಸ ಮಾಡಿದರೂ ಅದು ಕಾಲು ಮತ್ತು ಮೊಣಕಾಲಿಗೆ ಮಾಡುವ ಅಭ್ಯಾಸವೇ ಹೊರತು ಎತ್ತರಕ್ಕೆ ಒಗ್ಗಿಸುವುದಲ್ಲ. (ಹಾಗೆಂದು ಬಿಡಬೇಡಿ. ಹೆಗಲಿಗೆ ಏಳೆಂಟು ಕಿಲೋ ಹೊತ್ತು ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿಯುವುದು ಒಳ್ಳೆಯ ತಯಾರಿ, ಅದರಲ್ಲೂ ಇಳಿಯುವುದು.) ಲೆಮೊಶೊದ ಜಾಣತನವಿರುವುದು ನಾಲ್ಕನೆಯ ದಿನದ ನಡಿಗೆಯಲ್ಲಿ: ಶಿರಾ ಪ್ರಸ್ಥಭೂಮಿಯಿಂದ ಸುಮಾರು 4,600 ಮೀಟರಿನ ಲಾವಾ ಟವರ್ ಎಂಬ ಬಂಡೆಯವರೆಗೆ ಏರಿಸಿ, ಅಲ್ಲಿ ಮಧ್ಯಾಹ್ನದ ಊಟ ಮಾಡಿಸಿ, ಮಲಗಲು 3,900 ಮೀಟರಿನ ಆಸುಪಾಸಿನ ಬರಾಂಕೊಗೆ ಇಳಿಸುತ್ತಾರೆ. ಅಂದು ಸಂಜೆ ನನ್ನ ತಲೆನೋವು ಬಂದಂತೆಯೇ ಹೋಯಿತು. ಬರಾಂಕೊ ಕಣಿವೆಯಲ್ಲಿ ಆಳೆತ್ತರಕ್ಕಿಂತ ಎತ್ತರ ಬೆಳೆದ ಸೆನೆಸಿಯೊ ಗಿಡಗಳ ನಡುವೆ ಲೊಬೆಲಿಯಾದ ಗೋಪುರದಂಥ ತೆನೆಗಳನ್ನು ಕಂಡಾಗ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನ ಅಂಚಿನಲ್ಲಿ ನಾವು ಕಾಡು ಹೊಗೆಸೊಪ್ಪು ಎಂದು ಕರೆಯುವ ಗಿಡದ ದಾಯಾದಿ ಇದು ಎಂದು ತಿಳಿದು ವಿಚಿತ್ರ ಸಂತೋಷವಾಯಿತು.

ಶಿಖರದ ರಾತ್ರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೊನೆಯ ಶಿಬಿರದ ಹೆಸರು ಬರಾಫು, ಸ್ವಾಹಿಲಿಯಲ್ಲಿ ಹಿಮಗಡ್ಡೆ ಎಂದೇ ಅರ್ಥ. ಅಲ್ಲಿಂದ ನಡುರಾತ್ರಿ ಹೊರಟರೆ ಜ್ವಾಲಾಮುಖಿಯ ಬಾಯಂಚಿನಲ್ಲಿರುವ 5,756 ಮೀಟರಿನ ಸ್ಟೆಲ್ಲಾ ಪಾಯಿಂಟ್ ತಲುಪಲು ಆರೇಳು ಗಂಟೆ ಬೇಕು. ಬೆನ್ನಚೀಲದ ನೀರಿನ ಕೊಳವೆ ಮೊದಲ ಎರಡು ಗಂಟೆಯಲ್ಲೇ ಹೆಪ್ಪುಗಟ್ಟುತ್ತದೆ, ಆದ್ದರಿಂದ ಬಾಟಲಿಯನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ತಲೆಕೆಳಗಾಗಿ ಇಟ್ಟುಕೊಳ್ಳಿ. ಗೈಡ್‌ಗಳು ಹೆಜ್ಜೆಹೆಜ್ಜೆಗೂ ಹೇಳುವ 'ಪೋಲೆ ಪೋಲೆ', ಅಂದರೆ ನಿಧಾನ ನಿಧಾನ ಎಂಬುದು ಪ್ರವಾಸಿಗರನ್ನು ರಂಜಿಸುವ ಮಾತಲ್ಲ, ಕಟ್ಟುನಿಟ್ಟಿನ ಸೂಚನೆ. ಎತ್ತರದ ಕಾಯಿಲೆ ಬಾರದಂತೆ ಕೊಡುವ ಅಸೆಟಝೋಲಮೈಡ್ ಮಾತ್ರೆಯನ್ನು ನಾನು ವೈದ್ಯರ ಸಲಹೆಯಂತೆ ತೆಗೆದುಕೊಂಡಿದ್ದೆ. ನಿಮಗೆ ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಅದನ್ನು ಮೊದಲೇ ಹೇಳಿ. ಮಾತ್ರೆ ಸಹಾಯ ಮಾಡುತ್ತದೆ, ಆದರೆ ಕಡಿತಗೊಳಿಸಿದ ದಿನಗಳಿಗೆ ಅದು ಬದಲಿಯಲ್ಲ.

ಈಗ ಹಣದ ಮಾತು. ಕಿಲಿಮಂಜಾರೋವನ್ನು ಪರವಾನಗಿ ಪಡೆದ ಗೈಡ್ ಇಲ್ಲದೆ ಹತ್ತುವಂತಿಲ್ಲ, 1991ರಿಂದ ಅದು ನಿಯಮ; ಹೀಗಾಗಿ ಒಂದಲ್ಲ ಒಂದು ಕಂಪನಿಯ ಮೂಲಕವೇ ಹೋಗಬೇಕು. ನಾವು ಎರಡನೆಯ ಬಾರಿ ಹೋದಾಗ ರಾಷ್ಟ್ರೀಯ ಉದ್ಯಾನಕ್ಕೆ ತಲಾ ದಿನಕ್ಕೆ 70 ಡಾಲರ್, ಡೇರೆ ಹಾಕುವ ಪ್ರತಿ ರಾತ್ರಿಗೆ 50 ಡಾಲರ್, ರಕ್ಷಣಾ ಶುಲ್ಕ 20 ಡಾಲರ್, ಇವೆಲ್ಲದರ ಮೇಲೆ ಶೇಕಡಾ 18ರಷ್ಟು ತೆರಿಗೆ ಇತ್ತು. ಎಂಟು ದಿನ ಏಳು ರಾತ್ರಿಗೆ ಕೂಡಿಸಿ ನೋಡಿ, ತಲಾ ಸುಮಾರು 1,100 ಡಾಲರ್ ನೇರವಾಗಿ ಸರ್ಕಾರಕ್ಕೇ ಹೋಗುತ್ತದೆ. ನಾವಿದ್ದದ್ದು ಇಬ್ಬರು, ನಮ್ಮೊಂದಿಗೆ ಇಬ್ಬರು ಗೈಡ್‌ಗಳು, ಒಬ್ಬ ಅಡುಗೆಯವನು, ಏಳು ಮಂದಿ ಹೊರೆಯಾಳುಗಳು ಇದ್ದರು. ಯಾರಾದರೂ ಎಂಟು ದಿನದ ಚಾರಣವನ್ನು 1,300 ಡಾಲರಿಗೆ ಮಾಡಿಸುತ್ತೇವೆ ಎಂದರೆ, ಈ ಹತ್ತು ಜನರ ಕೂಲಿ, ಎಲ್ಲರ ಊಟ, ಡೇರೆ, ವಾಹನ ಉಳಿದ ಪುಡಿಗಾಸಿನಲ್ಲಿ ಹೇಗೆ ನಡೆಯುತ್ತದೆ ಎಂದು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಎರಡೇ ದಾರಿಗಳಿವೆ: ಹೊರೆಯಾಳುಗಳಿಗೆ ಕೊಡಬೇಕಾದುದನ್ನು ಕೊಡದಿರುವುದು, ಇಲ್ಲವೇ ದಿನಗಳನ್ನು ಕಡಿಮೆ ಮಾಡುವುದು. ಐದು ದಿನದ ಪ್ಯಾಕೇಜ್ ಅಗ್ಗವಾಗಿರುವುದೂ ಬಹುಮಟ್ಟಿಗೆ ಇದೇ ಗುಟ್ಟಿನಿಂದ.

ಆದ್ದರಿಂದ ಕಂಪನಿಯನ್ನು ಆರಿಸುವಾಗ ಶಿಖರ ತಲುಪಿದವರ ಪ್ರಮಾಣ ಶೇಕಡಾ ಎಷ್ಟು ಎಂಬ ಅವರ ಜಾಹೀರಾತನ್ನು ನಂಬಿ ಕೂರಬೇಡಿ, ಹೊರೆಯಾಳುಗಳ ಬಗ್ಗೆ ಕೇಳಿ. ಒಬ್ಬ ಹೊರುವ ಭಾರಕ್ಕೆ 20 ಕಿಲೋ ಮಿತಿಯಿದೆ, ಗೇಟಿನಲ್ಲಿ ತೂಕ ಮಾಡುತ್ತಾರೆ. ಅವರಿಗೆ ದಿನಕ್ಕೆ ಎಷ್ಟು ಕೂಲಿ, ಮೂರು ಹೊತ್ತು ಊಟ ಸಿಗುತ್ತದೆಯೇ, ಮಲಗಲು ಬೇರೆ ಡೇರೆ ಇದೆಯೇ, ಭಕ್ಷೀಸನ್ನು ಎಲ್ಲರ ಮುಂದೆ ಹಂಚಲಾಗುತ್ತದೆಯೇ ಎಂದು ಪತ್ರದಲ್ಲಿ ಬರೆದು ಕೇಳಿ. ಹೊರೆಯಾಳುಗಳ ಹಿತಕ್ಕಾಗಿಯೇ 2003ರಿಂದ ಕೆಲಸ ಮಾಡುತ್ತಿರುವ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ತನ್ನ ಮಾನದಂಡಗಳನ್ನು ಪಾಲಿಸುವ ಕಂಪನಿಗಳ ಪಟ್ಟಿಯನ್ನು ಇಟ್ಟುಕೊಂಡಿದೆ. ನಾನು ಎರಡನೆಯ ಬಾರಿ ಅಲ್ಲಿಂದಲೇ ಆರಿಸಿದೆ. ಮೊದಲ ಪ್ರವಾಸದಲ್ಲಿ ಇದೊಂದನ್ನೂ ಕೇಳಿರಲಿಲ್ಲ, ಕೊನೆಯ ದಿನ ಗೇಟಿನ ಬಳಿ ಒಬ್ಬ ಹುಡುಗ ಮಳೆಯಲ್ಲಿ ಹರಿದ ಕ್ಯಾನ್ವಾಸ್ ಶೂ ತೊಟ್ಟು ನನ್ನ ಚೀಲ ಹಿಡಿದು ನಿಂತಿದ್ದನ್ನು ನೋಡಿದಾಗ ನಾಚಿಕೆಯಾಯಿತು. ಸಸ್ಯಾಹಾರದ ಚಿಂತೆ ಬೇಡ. ಬೆಳಿಗ್ಗೆ ಕೊಡುವ ಉಜಿ ನಮ್ಮ ಅಂಬಲಿಯ ಸೋದರ, ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಬಿಳಿಯ ಮುದ್ದೆಯೇ ಸರಿ. ಚಪಾತಿ ಮತ್ತು ಚಾಯ್ ಎಂಬ ಮಾತುಗಳಂತೂ ಸ್ವಾಹಿಲಿಯಲ್ಲಿಯೂ ಅವೇ.

ಸಫಾರಿ ಏಕೆ ನಂತರವೇ ಇರಬೇಕು? ಶಿಖರದಿಂದ ಇಳಿಯುವ ದಿನ ಸುಮಾರು 2,800 ಮೀಟರ್ ಇಳಿದು ಮ್ವೆಕಾ ಶಿಬಿರ ಸೇರುತ್ತೇವೆ. ಮರುದಿನ ಗೇಟ್ ತಲುಪುವಾಗ ಮೊಣಕಾಲುಗಳು ಮೆಟ್ಟಿಲು ಕಂಡರೆ ಹೆದರುತ್ತಿರುತ್ತವೆ. ಆಗ ಜೀಪಿನಲ್ಲಿ ಕುಳಿತು ನೋಡುವುದಕ್ಕಿಂತ ಹಿತವಾದ ಕೆಲಸ ಬೇರೊಂದಿಲ್ಲ. ಸಫಾರಿ ಮೊದಲಾದರೆ ಧೂಳು, ಸೊಳ್ಳೆ, ಹೊರಗಿನ ಊಟ, ನಸುಕಿಗೇ ಏಳುವುದು ಇವೆಲ್ಲವನ್ನೂ ಹೊತ್ತುಕೊಂಡು ಪರ್ವತದ ಬುಡಕ್ಕೆ ಬರುತ್ತೀರಿ, ಮತ್ತು ಒಂದು ಸಣ್ಣ ಕೆಮ್ಮು ಕೂಡ 4,000 ಮೀಟರಿನಲ್ಲಿ ಸಣ್ಣದಾಗಿ ಉಳಿಯುವುದಿಲ್ಲ. ಎರಡರ ನಡುವೆ ಮೋಶಿಯಲ್ಲೋ ಅರುಷಾದಲ್ಲೋ ಒಂದು ರಾತ್ರಿ ಕಡ್ಡಾಯವಾಗಿ ಇಟ್ಟುಕೊಳ್ಳಿ. ಮೊದಲ ಬಾರಿ ಅದಿಲ್ಲದೆ, ಗೇಟಿನಿಂದ ನೇರವಾಗಿ ಜೀಪಿಗೆ ಏರಿಸಿದ್ದರಿಂದ ನಾನು ಮರುದಿನದ ಅರ್ಧ ದಾರಿಯಲ್ಲಿ ನಿದ್ದೆಯನ್ನೇ ನೋಡಿದೆ.

ನಾಲ್ಕು ದಿನದಲ್ಲಿ ಮೂರು ಉದ್ಯಾನಗಳೆಂದರೆ ರಸ್ತೆಯನ್ನು ನೋಡುವ ಸಫಾರಿ. ಅರುಷಾದಿಂದ ಸೆರೆಂಗೆಟಿಯ ನಡುಭಾಗದ ಸೆರೊನೆರಾಕ್ಕೆ ಏಳೆಂಟು ಗಂಟೆಯ ಪ್ರಯಾಣ, ಮರಳಲೂ ಅಷ್ಟೇ. ಕರಪತ್ರದಲ್ಲಿ ಮುದ್ರಿಸುವ, ನದಿಗೆ ಹಾರುವ ವಿಲ್ಡಬೀಸ್ಟ್ ಎಂಬ ಹುಲ್ಲೆಗಳ ಚಿತ್ರ ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್ ನಡುವೆ ಮಾರಾ ನದಿಯದು, ಅದು ಸೆರೆಂಗೆಟಿಯ ಉತ್ತರದ ತುದಿ, ಸೆರೊನೆರಾದಿಂದಲೂ ಇನ್ನಷ್ಟು ದೂರ. ಜನವರಿಯಿಂದ ಮಾರ್ಚ್‌ವರೆಗೆ ಹಿಂಡುಗಳು ದಕ್ಷಿಣದ ಎನ್‌ಡುಟು ಬಯಲಿನಲ್ಲಿ ಮರಿ ಹಾಕುತ್ತಿರುತ್ತವೆ. ನೀವು ಫೆಬ್ರವರಿಯಲ್ಲಿ ಹೋಗಬಲ್ಲಿರಾದರೆ ಪರ್ವತಕ್ಕೂ ಅದು ಒಣ ಕಾಲ, ಹಿಂಡುಗಳೂ ಹತ್ತಿರ. ಮಾರ್ಚ್ ನಡುವಿನಿಂದ ಮೇ ವರೆಗಿನ ದೊಡ್ಡ ಮಳೆಗಾಲದಲ್ಲಿ ಮಾತ್ರ ಎರಡಕ್ಕೂ ಹೋಗಬೇಡಿ.

ನಾವು ಎರಡನೆಯ ಬಾರಿ ಸೆರೆಂಗೆಟಿಯನ್ನು ಬಿಟ್ಟೇಬಿಟ್ಟೆವು. ಮೂರು ದಿನದಲ್ಲಿ ತರಂಗಿರೆ ಮತ್ತು ಗೊರೊಂಗೊರೊ ಎರಡನ್ನೇ ನೋಡಿದೆವು, ಒಂದು ಗಳಿಗೆಯೂ ಪಶ್ಚಾತ್ತಾಪ ಪಡಲಿಲ್ಲ. ಒಣ ಕಾಲದ ಕೊನೆಯಲ್ಲಿ ಸುತ್ತಲಿನ ನೀರೆಲ್ಲ ಬತ್ತಿದಾಗ ಆನೆಗಳು ತರಂಗಿರೆ ನದಿಯ ದಂಡೆಗೆ ಹಿಂಡುಹಿಂಡಾಗಿ ಬರುತ್ತವೆ, ಹಿನ್ನೆಲೆಯಲ್ಲಿ ಬಾವೊಬಾಬ್ ಮರಗಳು. ಸವಣೂರಿನ ಮಠದಲ್ಲಿ ದೊಡ್ಡಹುಣಸೆ ಎಂದು ಕರೆಯುವ ಆ ಮೂರು ಬೃಹತ್ ಮರಗಳನ್ನು ನೋಡಿದವರಿಗೆ, ಅವುಗಳ ಬಂಧುಬಳಗವೆಲ್ಲ ಕಣ್ಣು ಹಾಯುವವರೆಗೆ ನಿಂತಿರುವುದನ್ನು ಕಾಣುವುದೇ ಒಂದು ಅನುಭವ. ಗೊರೊಂಗೊರೊ ಸುಮಾರು 600 ಮೀಟರ್ ಆಳದ, 260 ಚದರ ಕಿಲೋಮೀಟರ್ ತಳವಿರುವ ಹಳೆಯ ಜ್ವಾಲಾಮುಖಿಯ ಬಟ್ಟಲು. ಸಿಂಹ, ಕತ್ತೆಕಿರುಬ, ಕಪ್ಪು ಘೇಂಡಾಮೃಗ ಎಲ್ಲ ಅದರೊಳಗೇ ಇವೆ, ಜಿರಾಫೆ ಮಾತ್ರ ಇಲ್ಲ, ಆ ಕಡಿದಾದ ಗೋಡೆ ಅದರ ಉದ್ದ ಕಾಲಿಗೆ ಒಗ್ಗದು. ಕಬಿನಿಯಲ್ಲಿ ಜಿಂಕೆಯ ಎಚ್ಚರಿಕೆಯ ಕೂಗಿಗೆ ಕಿವಿಗೊಟ್ಟು ಪೊದೆಯತ್ತ ನೋಡುತ್ತಾ ಕೂರುವ ನಮಗೆ, ಒಂದು ಕಿಲೋಮೀಟರ್ ದೂರದ ಸಿಂಹಿಣಿ ಹೊಂಚು ಹಾಕುವುದರಿಂದ ಹಿಡಿದು ಬೇಟೆ ತಪ್ಪುವವರೆಗೆ ಎಲ್ಲವೂ ಬಯಲಿನಲ್ಲಿ ಕಾಣುವುದು ಹೊಸದು. ಐದು ದೊಡ್ಡ ಪ್ರಾಣಿಗಳ ಪಟ್ಟಿ ಹಿಡಿದು ಜೀಪನ್ನು ಓಡಿಸಬೇಡಿ ಎಂದು ಚಾಲಕನಿಗೆ ಮೊದಲೇ ಹೇಳಿಬಿಡಿ. ತರಂಗಿರೆಯಲ್ಲಿ ಕಡು ನೀಲಿ ಅಥವಾ ಕಪ್ಪು ಬಟ್ಟೆ ತೊಡಬೇಡಿ, ತ್ಸೆತ್ಸೆ ನೊಣಗಳಿಗೆ ಆ ಬಣ್ಣಗಳೆಂದರೆ ಪ್ರೀತಿ, ಅವು ಕಚ್ಚಿದರೆ ಸೂಜಿ ಚುಚ್ಚಿದಂತಾಗುತ್ತದೆ.

ಹಾಗಾಗಿ ಹನ್ನೆರಡು ದಿನ ರಜೆ ಹೊಂದಿಸಿಕೊಳ್ಳಲು ನೋಡಿ: ಎಂಟು ದಿನ ಪರ್ವತಕ್ಕೆ, ಒಂದು ದಿನ ವಿಶ್ರಾಂತಿಗೆ, ಮೂರು ದಿನ ಈ ಎರಡು ಉದ್ಯಾನಗಳಿಗೆ. ಒಂಬತ್ತೇ ದಿನವಾದರೆ ಎರಡರಲ್ಲಿ ಒಂದನ್ನು ಆರಿಸಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ವಿಮಾನವಿದ್ದರೆ ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡು ಪ್ರಮಾಣಪತ್ರ ಜೊತೆಗಿಟ್ಟುಕೊಳ್ಳಿ. ಮಲೇರಿಯಾ ಮಾತ್ರೆಯ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿ. ವಿಮೆಯಲ್ಲಿ 6,000 ಮೀಟರ್‌ವರೆಗಿನ ಚಾರಣ ಸೇರಿದೆಯೇ ಎಂದು ಸಣ್ಣ ಅಕ್ಷರಗಳನ್ನು ಓದಿ, ನಮ್ಮಲ್ಲಿ ಮಾರುವ ಹಲವು ಪ್ರವಾಸ ವಿಮೆಗಳು ಪರ್ವತಾರೋಹಣವನ್ನು ಹೊರಗಿಡುತ್ತವೆ. ಟಾಂಜಾನಿಯಾದಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ, ಬಟ್ಟೆ ಸುತ್ತಲು ಅವನ್ನು ತರಬೇಡಿ.

ನಿಮ್ಮ ಪತ್ನಿ ಖಂಡಿತ ಬರಬಹುದು. ನೀವು ಹೊರಟ ಏಳು ದಿನಗಳ ನಂತರ ಕಿಲಿಮಂಜಾರೋ ವಿಮಾನ ನಿಲ್ದಾಣಕ್ಕೆ ಬಂದಿಳಿದರೆ ವಿಶ್ರಾಂತಿ ಮತ್ತು ಸಫಾರಿಗೆ ಜೊತೆಯಾಗುತ್ತಾರೆ, ಇಲ್ಲವೇ ನಿಮ್ಮೊಂದಿಗೇ ಬಂದು ಮೋಶಿಯಲ್ಲಿ ಉಳಿಯಬಹುದು. ಅಲ್ಲಿಂದ ಮಂದಾರಾದವರೆಗೆ ಒಂದು ದಿನದ ಕಾಡುನಡಿಗೆ ಮಾಡಿ ಸಂಜೆಗೆ ಮರಳಬಹುದು. ನನ್ನ ಗೆಳೆಯನ ಪತ್ನಿ ಚಿಕ್ಕಮಗಳೂರಿನ ತೋಟದ ಮನೆಯವರು. ಅವರು ಮೋಶಿಯ ಮೇಲಿನ ಮಟೆರುನಿ ಎಂಬ ಹಳ್ಳಿಗೆ ಹೋಗಿ, ಸಿಲ್ವರ್ ಓಕ್ ಬದಲು ಬಾಳೆಯ ನೆರಳಿನಲ್ಲಿ ಬೆಳೆದ ಚಗ್ಗಾ ಜನರ ಕಾಫಿಯನ್ನು ಒರಳಿನಲ್ಲಿ ಒನಕೆಯಿಂದ ತಾವೇ ಕುಟ್ಟಿ, ಮಣ್ಣಿನ ಒಲೆಯ ಮೇಲೆ ಹುರಿದು, ಕುದಿಸಿ ಕುಡಿದು ಬಂದಿದ್ದರು. ನಾವು ಶಿಖರದ ಕಥೆ ಹೇಳಲು ಬಾಯಿ ತೆರೆದಾಗಲೆಲ್ಲ ಅವರು ಆ ಕಾಫಿಯ ಮಾತೆತ್ತುತ್ತಿದ್ದರು.